ಬೇತಾಳನ ಸುಡುಗಾಡಿನಲ್ಲಿ ಕಾಣದವರು

ಸ್ವಲ್ಪ ಉದ್ದದ ಬರಹ, ಗೆಳೆಯರೇ. ಪುರುಸೊತ್ತು ಇದ್ದಾಗ ಓದಿ.

ಸತ್ಯನಾರಾಯಣಪೇಟೆಯ ಒಂದು ಹಳೇ ಪೇಪರ್ ಅಂಗಡಿಯಲ್ಲಿ ಹೋದ ತಿಂಗಳು ಒಂದು ಕಟ್ಟು ‘ಚಂದಮಾಮ’ ಸಿಕ್ತು. ಯಾರೋ ಮನೆ ಖಾಲಿ ಮಾಡುವಾಗ ತೂಕಕ್ಕೆ ಹಾಕಿದ್ದು. ಬಹುಪಾಲು 1970ರ ದಶಕದ ಕನ್ನಡ ಸಂಚಿಕೆಗಳು, ನಡುನಡುವೆ ತೆಲುಗಿನವೂ ಇದ್ದವು. ಬಳ್ಳಾರಿ ಮನೆ ಅಂದ್ರೆ ಹಂಗೇ ಅಲ್ವಾ, ಅಜ್ಜಿ ಒಂದು ಭಾಷೆಯಲ್ಲಿ ಓದಿದ್ರೆ ಮೊಮ್ಮಗ ಇನ್ನೊಂದರಲ್ಲಿ. ಹದಿನೈದು ದಿನ ರಾತ್ರಿ ಕೂತು ಓದಿದೆ. ಬಣ್ಣ ಮಾಸಿದ್ರೂ ಚಿತ್ರ ಈಗಲೂ ಹಿಡಿದು ನಿಲ್ಲಿಸ್ತವೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನಾಲ್ಕೈದು ಸಂಚಿಕೆ ಮುಗಿಯೋ ಹೊತ್ತಿಗೆ ಒಂದು ಪ್ರಶ್ನೆ ತಲೇಲಿ ಕೂತುಬಿಡ್ತು. ತಿಂಗಳು ತಿಂಗಳೂ ವಿಕ್ರಮ ಹೆಣ ಹೊತ್ತು ಸ್ಮಶಾನದಲ್ಲಿ ನಡೀತಾನಲ್ಲ, ಆ ಸ್ಮಶಾನ ಕಾಯ್ತಿದ್ದವರು ಎಲ್ಲಿ?

ಮೊದಲು ಪತ್ರಿಕೆಯ ಚರಿತ್ರೆ ಸ್ವಲ್ಪ. 1947ರ ಜುಲೈನಲ್ಲಿ ಮದರಾಸಿನಲ್ಲಿ ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಇದನ್ನು ತೆಲುಗು, ತಮಿಳಿನಲ್ಲಿ ಶುರು ಮಾಡಿದರು. ಕನ್ನಡದ್ದು ಬಂದಿದ್ದು 1949ರಲ್ಲಿ. ಆಗ ನಮ್ಮ ಬಳ್ಳಾರಿ ಇದ್ದಿದ್ದೂ ಮದರಾಸ್ ಪ್ರಾಂತ್ಯದಲ್ಲೇ. 1953ರ ಅಕ್ಟೋಬರ್ 1ಕ್ಕೆ ನಾವು ಮೈಸೂರಿಗೆ ಸೇರಿದ್ವಿ, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಅಂದ್ರೆ ಮೊದಲ ನಾಲ್ಕು ವರ್ಷ ಕನ್ನಡ ‘ಚಂದಮಾಮ’ ನಮಗೆ ನಮ್ಮದೇ ರಾಜಧಾನಿಯಿಂದ ಬರ್ತಿತ್ತು. ಬೆಂಗಳೂರಿನವರಿಗೆ ಅದು ಬೇರೆ ರಾಜ್ಯದಿಂದ ಬಂದ ಪತ್ರಿಕೆ, ನಮಗಲ್ಲ. 2013ರ ಹೊತ್ತಿಗೆ ಅಚ್ಚು ನಿಂತೇ ಹೋಯ್ತು.

ಚಿತ್ರಗಾರರ ಹೆಸರು ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತೆ. ಮುಖಪುಟಗಳಿಗೆ ವಡ್ಡಾದಿ ಪಾಪಯ್ಯ, ನಮ್ಮ ಕನ್ನಡದ ಎಂ.ಟಿ.ವಿ. ಆಚಾರ್ಯ. ಒಳಗೆ ಚಿತ್ರಾ, ಶಂಕರ್. ಎಡಗೈಯಲ್ಲಿ ಹೆಣ ಅವುಚಿ, ಬಲಗೈಯಲ್ಲಿ ಕತ್ತಿ ಹಿರಿದ ವಿಕ್ರಮನ ಆ ಚಿತ್ರ ಶಂಕರ್ ಅವರದು. 2020ರಲ್ಲಿ ತೀರಿಕೊಂಡರು, ಮರುವರ್ಷ ಪದ್ಮಶ್ರೀ ಬಂತು. ಆ ಚಿತ್ರವನ್ನ ಇನ್ನೊಂದು ಸಲ ನೆನಪು ಮಾಡ್ಕೊಳ್ಳಿ. ಮರ ಇದೆ, ಹಾವು ಇದೆ, ತಲೆಬುರುಡೆ ಇದೆ. ರಾಜ ಇದ್ದಾನೆ, ಹೆಣ ಇದೆ, ಹೆಣದೊಳಗೆ ಬೇತಾಳ. ಎಲ್ಲಾ ಇದೆ. ಗುದ್ದಲಿ ಇಲ್ಲ. ಕಟ್ಟಿಗೆ ಒಟ್ಟುವವನಿಲ್ಲ. ಸಾವಿನ ಸುದ್ದಿ ಹೊತ್ತು ಊರೂರು ನಡೆದವನಿಲ್ಲ, ಹಲಗೆ ಬಡಿದವನಿಲ್ಲ. ನಮ್ಮ ಹಳ್ಳಿಗಳಲ್ಲಿ ಈ ನಾಲ್ಕೂ ಕೆಲಸ ಯಾರ ಹೆಗಲ ಮೇಲಿತ್ತು, ಎಷ್ಟು ಕಡೆ ಬಿಟ್ಟಿಯಾಗಿ ನಡೀತಿತ್ತು ಅನ್ನೋದನ್ನ ನಿಮಗೆ ನಾನು ಹೇಳಬೇಕಾಗಿಲ್ಲ.

ಹೆಣ ಹೊರೋದು ರಾಜನಿಗೆ ಸಾಹಸ. ಅದೇ ಕೆಲಸ ನಮ್ಮವರಿಗೆ ಹುಟ್ಟಿನಿಂದ ಬಂದ ಚಾಕರಿ. ಕಥೆಗಾರರು ಸಾಹಸವನ್ನ ಉಳಿಸ್ಕೊಂಡು ಚಾಕರಿ ಮಾಡುವವರನ್ನ ಚಿತ್ರದಿಂದ ಕಳಿಸಿಬಿಟ್ಟರು.

ಬೇಕು ಅಂತ ಮಾಡಿದ್ರು ಅಂತ ನಾನು ಹೇಳ್ತಿಲ್ಲ. ಯಾಕಂದ್ರೆ ಇಲ್ಲೊಂದು ಸ್ವಾರಸ್ಯ ಇದೆ. 1952ರಿಂದ 1980ರಲ್ಲಿ ತೀರಿಕೊಳ್ಳುವವರೆಗೆ ಈ ಪತ್ರಿಕೆಯನ್ನ ಕಟ್ಟಿದವರು ತೆಲುಗಿನ ದೊಡ್ಡ ಲೇಖಕ ಕೊಡವಟಿಗಂಟಿ ಕುಟುಂಬರಾವ್. ಮಾರ್ಕ್ಸ್‌ವಾದಿ, ವಿಚಾರವಾದಿ. 1970ರಲ್ಲಿ ಶ್ರೀಶ್ರೀ ಮುಂದಾಳತ್ವದಲ್ಲಿ ಹುಟ್ಟಿದ ಕ್ರಾಂತಿಕಾರಿ ಲೇಖಕರ ಸಂಘ ‘ವಿರಸಂ’ನ ಸ್ಥಾಪಕ ಸದಸ್ಯರಲ್ಲೊಬ್ಬರು. ಹಗಲು ರಾಜರಾಣಿ, ರಾಕ್ಷಸ, ಮಾಂತ್ರಿಕರ ಕಥೆ ತಿದ್ದೋದು, ಸಂಜೆ ವರ್ಗ ಸಂಘರ್ಷ. ನನಗೆ ಇದರಲ್ಲಿ ತಮಾಷೆಯೂ ಕಾಣುತ್ತೆ, ಬೇಜಾರೂ ಆಗುತ್ತೆ. ಅವರ ಕೈಯಲ್ಲಿ ಕಥೆಗಳಿಗೆ ಒಂದು ನ್ಯಾಯಬುದ್ಧಿ ಬಂತು ಅನ್ನೋದು ನಿಜ. ಜಿಪುಣ ಸಾಹುಕಾರನಿಗೆ ಬುದ್ಧಿ ಬರುತ್ತೆ, ಬಡವನ ಜಾಣತನ ಗೆಲ್ಲುತ್ತೆ, ದಡ್ಡ ರಾಜನನ್ನ ಮಂತ್ರಿ ತಿದ್ದುತ್ತಾನೆ. ಆದ್ರೆ ಬಡವ ಅಂದ್ರೆ ಯಾರು? ನನ್ನ ಕಟ್ಟಿನಲ್ಲಿ ಅವನು ಬಡ ಬ್ರಾಹ್ಮಣ, ಬಡ ರೈತ, ಇಲ್ಲಾ ಅನಾಥ ಹುಡುಗ. ಅಗಸ, ಕ್ಷೌರಿಕ, ಕುಂಬಾರ ಬರ್ತಾರೆ, ಎಷ್ಟೋ ಸಲ ನಗಿಸೋಕೆ. ಅವರಿಂದ ಕೆಳಗೆ ಪುಟ ಖಾಲಿ. ವರ್ಗ ಕಂಡ ಕಣ್ಣಿಗೆ ಜಾತಿ ಕಾಣದೇ ಹೋಗೋದು ಆ ತಲೆಮಾರಿನ ಎಡಪಂಥದಲ್ಲಿ ಹೊಸದೇನಲ್ಲ. ಮಕ್ಕಳ ಪತ್ರಿಕೆಯಲ್ಲೂ ಅದೇ ಕಣ್ಣು.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದ್ರು. ಆಮೇಲೆ ಊರೂರಿನಲ್ಲಿ ನಮ್ಮ ಹುಡುಗರು ತಿಂದ ಏಟು, ಹಾಸ್ಟೆಲುಗಳ ಮೇಲಾದ ದಾಳಿ, ಮಂತ್ರಿಗಿರಿಯಿಂದ ಅವರು ಇಳಿದದ್ದು ಎಲ್ಲಾ ನಿಮಗೆ ಗೊತ್ತು. ಆ ಗಲಾಟೆಯ ತಿಂಗಳುಗಳಲ್ಲೂ ಹಠ ಬಿಡದ ವಿಕ್ರಮ ಅದೇ ಮರದ ಕಡೆ ನಡೀತಿದ್ದ. ಮಕ್ಕಳ ಪತ್ರಿಕೆ ರಾಜಕೀಯ ಬರೀಬೇಕಿತ್ತು ಅಂತಲ್ಲ. ಬಸವಲಿಂಗಪ್ಪನವರು ಹೇಳಿದ್ದು ಬರೀ ದೊಡ್ಡವರ ಕಾವ್ಯ ಕಾದಂಬರಿಗೆ ಅನ್ವಯಿಸುತ್ತೆ ಅಂದ್ಕೊಂಡಿದ್ದವರು ಈ ಪುಟಗಳನ್ನೂ ಒಮ್ಮೆ ತಿರುವಿ ಹಾಕಲಿ ಅಂತ.

ಹಾಗಾದ್ರೆ ಮೂಲ ಬೇತಾಳ ಕಥೆಗಳಲ್ಲಿ ಜಾತಿ ಇರಲಿಲ್ವಾ? ಇತ್ತು, ಕಣ್ಣಿಗೆ ರಾಚೋ ಹಂಗೇ ಇತ್ತು. ಕಾಶ್ಮೀರದ ಸೋಮದೇವ 11ನೇ ಶತಮಾನದಲ್ಲಿ ಬರೆದ ‘ಕಥಾಸರಿತ್ಸಾಗರ’ದೊಳಗೆ ಈ ಇಪ್ಪತ್ತೈದು ಕಥೆ ಸೇರಿವೆ. ಅದರಲ್ಲಿ ಅನಂಗರತಿ ಅನ್ನೋ ರಾಜಕುಮಾರಿಯದೊಂದು. ಅವಳನ್ನ ಕೇಳಿಕೊಂಡು ನಾಲ್ಕು ಜನ ಬರ್ತಾರೆ. ಒಬ್ಬ ಶೂದ್ರ, ದಿನಕ್ಕೆ ಐದು ಜೊತೆ ಬಟ್ಟೆ ನೇಯ್ತಾನೆ. ದೇವರಿಗೊಂದು, ಬ್ರಾಹ್ಮಣನಿಗೊಂದು, ತನಗೊಂದು, ಹೆಂಡತಿ ಬಂದ್ರೆ ಅವಳಿಗೊಂದು, ಐದನೆಯದು ಮಾರಿ ಊಟ. ಎರಡನೆಯವನು ವೈಶ್ಯ, ಪಶುಪಕ್ಷಿಗಳ ಮಾತು ಬಲ್ಲವನು. ಮೂರನೆಯವನು ಕ್ಷತ್ರಿಯ ಖಡ್ಗಧರ. ನಾಲ್ಕನೆಯವನು ಬ್ರಾಹ್ಮಣ ಜೀವದತ್ತ, ಸತ್ತವರನ್ನ ಎಬ್ಬಿಸಬಲ್ಲ. ಯಾರಿಗೆ ಕೊಡಬೇಕು ಅಂತ ಬೇತಾಳ ಕೇಳ್ತಾನೆ. ರಾಜನಿಗೆ ಯೋಚನೆ ಮಾಡೋ ಕಷ್ಟವೇ ಇಲ್ಲ. ನೇಕಾರ ಶೂದ್ರ, ಕ್ಷತ್ರಿಯ ಕನ್ಯೆ ಅವನಿಗೆ ಹೇಗೆ ಕೊಡೋದು? ವೈಶ್ಯನಿಗೂ ಆಗಲ್ಲ. ಬ್ರಾಹ್ಮಣ ತನ್ನ ಧರ್ಮ ಬಿಟ್ಟು ಮಾಟಮಂತ್ರಕ್ಕೆ ಇಳಿದವನು. ಉಳಿದವನು ಕತ್ತಿ ಹಿಡಿದವನು. ಉತ್ತರ ಸರಿ ಅಂತ ಬೇತಾಳನೂ ಮರಕ್ಕೆ ವಾಪಸ್!

ಇಷ್ಟು ದೊಡ್ಡ ಒಗಟು ಅಂತ ಕಟ್ಟಿ ಕೊನೆಗೆ ಬಿಡಿಸಿದ್ದು ವರ್ಣದ ಲೆಕ್ಕದಲ್ಲಿ. ಮನೆ ನಡೆಸೋಕೆ ನಾಲ್ವರಲ್ಲಿ ನಿಜವಾಗಿ ಲಾಯಕ್ಕಾದವನು ಆ ನೇಕಾರ ಅಂತ ನನಗನ್ನಿಸುತ್ತೆ. ಹೆಂಡತಿಗೆ ಬಟ್ಟೆ ಎತ್ತಿಟ್ಟವನು ಅವನೊಬ್ಬನೇ.

ಈಗ ‘ಚಂದಮಾಮ’ಕ್ಕೆ ಬನ್ನಿ. ದಾಸರಿ ಸುಬ್ರಹ್ಮಣ್ಯಂ ಬರೆದ ಧಾರಾವಾಹಿಗಳೇ ಆ ಪತ್ರಿಕೆಯ ಜೀವ. ತೆಲುಗಿನಲ್ಲಿ 1954ರಲ್ಲಿ ‘ತೋಕಚುಕ್ಕ’, ಅಂದ್ರೆ ಧೂಮಕೇತು, ಅಲ್ಲಿಂದ ಶುರುವಾಗಿ ‘ಶಿಥಿಲಾಲಯ’, ‘ಯಕ್ಷ ಪರ್ವತ’, ‘ಭಲ್ಲೂಕ ಮಾಂತ್ರಿಕ’ ಅಂತ ವರ್ಷಗಟ್ಟಲೆ ಓಡಿದವು. ಕಾಡು, ಹಾಳು ಗುಡಿ, ನಿಧಿ, ವಿಚಿತ್ರ ಪ್ರಾಣಿ. ‘ಯಕ್ಷ ಪರ್ವತ’ದ ಇಬ್ಬರು ನಾಯಕರ ಹೆಸರು ಖಡ್ಗವರ್ಮ ಮತ್ತು ಜೀವದತ್ತ. ಎಲ್ಲೋ ಕೇಳಿದಂಗಿದೆಯಲ್ಲ? ಸಾವಿರ ವರ್ಷ ಆದ ಮೇಲೆ ನಾಯಕರ ಪಟ್ಟ ಸಿಕ್ಕಿದ್ದು ಕತ್ತಿ ಹಿಡಿದವನಿಗೆ, ಮಂತ್ರ ಬಲ್ಲವನಿಗೆ. ನೇಯುವವನಿಗಲ್ಲ. ಆ ಕಾಡುಗಳಲ್ಲಿ ಎದುರಾಗುವ ಕಾಡುಜನರೂ ಅಷ್ಟೇ. ಈಟಿ ಹಿಡಿದು, ಕುಣಿದು, ದಾರಿಹೋಕರನ್ನ ತಮ್ಮ ದೇವಿಗೆ ಬಲಿ ಕೊಡೋಕೆ ನೋಡ್ತಾರೆ. ಓದುವಾಗ ಮೈ ಜುಂ ಅನ್ನುತ್ತೆ. ಸೋಲಿಗರ ಮಗುವೊಂದು, ಜೇನುಕುರುಬರ ಮಗುವೊಂದು ಅದನ್ನ ಓದಿ ತನ್ನನ್ನ ಎಲ್ಲಿ ಹುಡುಕಿಕೊಳ್ಳಬೇಕು?

ನಾವು ಹುಡುಗರಿದ್ದಾಗ ಇದನ್ನ ಓದಿ ಸುಮ್ಮನೆ ಇರ್ತಿರಲಿಲ್ಲ, ಆಡ್ತಿದ್ವಿ. ನಮ್ಮ ಕೇರಿಯಲ್ಲಿ ಯಾರಿಗೂ ವಿಕ್ರಮ ಬೇಡ, ಎಲ್ಲರಿಗೂ ಬೇತಾಳನೇ ಬೇಕು. ಹೆಗಲ ಮೇಲೆ ಕೂತು ಹೋಗಬಹುದು, ಬೇಕಾದ ಪ್ರಶ್ನೆ ಕೇಳಬಹುದು, ರಾಜ ಬಾಯಿ ಬಿಟ್ಟನೋ ಓಡಿಹೋಗಿ ಬೇವಿನ ಮರ ಹತ್ತಬಹುದು. ಶಾಲೆಯಲ್ಲಿ ಆಡಿದಾಗ ಕಥೆ ಬೇರೆ. ಅದು ಹೊರೋ ಆಟ, ಮೈ ಮುಟ್ಟಬೇಕಾಗುತ್ತೆ. ನನ್ನನ್ನ ಹೊರೋಕೆ ಯಾರೂ ಮುಂದೆ ಬರಲಿಲ್ಲ, ನಾನು ಯಾರನ್ನೂ ಹೊರಲಿಕ್ಕೂ ಬಿಡಲಿಲ್ಲ. ನನಗೆ ಮರದ ಪಾತ್ರ ಕೊಟ್ಟರು. ಕೈ ಚಾಚಿ ನಿಂತಿದ್ದೆ.

ಬೆಂಗಳೂರಿನಲ್ಲಿರೋ ಅಕ್ಕನ ಮಗನಿಗೆ ಇದನ್ನ ಹೇಳಿದಾಗ ಅವನು ನಗಲಿಲ್ಲ. ಅವನು, ಅವನ ಸ್ನೇಹಿತರು ವಾರಕ್ಕೊಂದು ಸಲ ಕೂತು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅನ್ನೋ ಆಟ ಆಡ್ತಾರೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ತಂದ ಆಟ. ಪ್ರತಿಯೊಬ್ಬರೂ ಒಂದು ಪಾತ್ರ ತಗೊಂಡು ಮಾತಲ್ಲೇ ಕಥೆ ಕಟ್ಟಬೇಕು. ಅದಕ್ಕೆ ಅಂತಲೇ 1976ರಿಂದ ‘ಡ್ರ್ಯಾಗನ್’ ಅನ್ನೋ ಪತ್ರಿಕೆ ಬರ್ತಿತ್ತು, ಅದರ ಹಳೇ ಸಂಚಿಕೆಗಳನ್ನ ಈಗಲೂ ಹುಡುಕಿ ಓದೋರಿದ್ದಾರೆ. “ಮಾವ, ನಿಮ್ಮ ಚಂದಮಾಮದ ಥರಾನೇ, ಇಲ್ಲೂ ಮೊದಲು ಕುಲ ಆರಿಸ್ಕೋಬೇಕು” ಅಂದ. ಆಟದ 1978ರ ನಿಯಮಪುಸ್ತಕದ ಪ್ರಕಾರ ಮನುಷ್ಯರನ್ನ ಬಿಟ್ಟು ಬೇರೆ ಕುಲದಲ್ಲಿ ಹುಟ್ಟಿದ ಪಾತ್ರ ಎಷ್ಟೇ ಸಾಹಸ ಮಾಡಿದ್ರೂ ಹೆಚ್ಚಿನ ಕಸುಬುಗಳಲ್ಲಿ ಇಂತಿಷ್ಟು ಮೆಟ್ಟಿಲಿನಿಂದ ಮೇಲೆ ಹತ್ತೋ ಹಂಗಿಲ್ಲ. ಅಂಥ ಬಹುಪಾಲು ಕುಲಗಳಿಗೆ ಮಿತಿ ಇಲ್ಲದ ಕಸುಬು ಯಾವುದು ಗೊತ್ತಾ? ಕಳ್ಳತನ.

ಕೊರಚರ ಓಣಿಯಲ್ಲಿ ಈ ಮಾತು ಹೇಳಿದ್ರೆ ಯಾರಿಗೂ ಆಶ್ಚರ್ಯ ಆಗಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ 1911ರ ತಿದ್ದುಪಡಿಯಿಂದ ಮದರಾಸ್ ಪ್ರಾಂತ್ಯಕ್ಕೂ ಬಂತು. ಹುಟ್ಟಿದ ಕೂಡಲೇ ಕಳ್ಳ ಅಂತ ದಾಖಲೆ. ದೇಶಮಟ್ಟದಲ್ಲಿ ಅದನ್ನ ತೆಗೆದದ್ದು 1952ರಲ್ಲಿ. ಇದು ಆಟದ ನಿಯಮಪುಸ್ತಕ ಅಲ್ಲ, ಸರ್ಕಾರದ್ದು.

ಒಂದು ವ್ಯತ್ಯಾಸ ಮಾತ್ರ ಹೇಳಲೇಬೇಕು. ಆ ಅಮೆರಿಕದ ಕಂಪನಿಯವರು 2020ರ ಜೂನ್‌ನಲ್ಲಿ, ಜಾರ್ಜ್ ಫ್ಲಾಯ್ಡ್ ಕೊಲೆಯ ನಂತರದ ದಿನಗಳಲ್ಲಿ, ಒಂದು ಕುಲಕ್ಕೆ ಕುಲವನ್ನೇ ಹುಟ್ಟಾ ಕೆಟ್ಟವರು ಅಂತ ತೋರಿಸಿದ್ದು ತಪ್ಪು ಅಂತ ಬಹಿರಂಗವಾಗಿ ಒಪ್ಪಿಕೊಂಡ್ರು. 2024ರ ಹೊಸ ಪುಸ್ತಕದಲ್ಲಿ ‘ರೇಸ್’ ಅನ್ನೋ ಪದವನ್ನೇ ತೆಗೆದ್ರು. ವ್ಯಾಪಾರದ ಲೆಕ್ಕಾಚಾರವೂ ಇರಬಹುದು, ಇರಲಿ. ಕಪ್ಪು ಜನ, ಅವರ ಜೊತೆಗಾರರು ಹಳೇ ಪುಟ ತೆಗೆದು ವರ್ಷಗಟ್ಟಲೆ ಜಗಳ ಆಡಿದ್ದಕ್ಕೆ ಅಷ್ಟಾದರೂ ಆಯ್ತು. ನಮ್ಮಲ್ಲಿ ಹಳೇ ‘ಚಂದಮಾಮ’ದ ಬಗ್ಗೆ ಬರೆಯೋರೆಲ್ಲ ಬಾಲ್ಯ, ಅಜ್ಜಿ, ಬೇಸಿಗೆ ರಜೆ ಅಂತ ಕಣ್ಣೀರಿಟ್ಟು ಮುಗಿಸ್ತಾರೆ.

ಸ್ಮಶಾನಕ್ಕೆ ವಾಪಸ್ ಬರೋಣ. ಆ ಜಾಗದ ಒಡೆಯನನ್ನ ಹೆಸರಿಟ್ಟು ಕರೆದ ಕಥೆ ಒಂದಿದೆ, ಹರಿಶ್ಚಂದ್ರನದು. ಅದನ್ನ ಕನ್ನಡದಲ್ಲಿ ದೊಡ್ಡದಾಗಿ ಬರೆದವನು ನಮ್ಮ ಹಂಪೆಯ ರಾಘವಾಂಕ, 13ನೇ ಶತಮಾನ. ಅವನ ಕಾವ್ಯದಲ್ಲಿ ಹೊಲೆಯ ಹೆಣ್ಣುಮಕ್ಕಳು ಅರಸನನ್ನ ನಿಲ್ಲಿಸಿ ವಾದಕ್ಕೆ ಇಳೀತಾರೆ. ನಮ್ಮ ಹಾಡು ನಿನ್ನ ಕಿವಿಗೆ ಆಗುತ್ತೆ, ನಮ್ಮ ರೂಪ ನಿನ್ನ ಕಣ್ಣಿಗೆ ಆಗುತ್ತೆ, ಮೈ ಮುಟ್ಟೋದಷ್ಟೇ ಯಾಕೆ ಆಗಲ್ಲ ಅನ್ನೋದು ಅವರ ಪ್ರಶ್ನೆ. ಬೇತಾಳನ ಇಪ್ಪತ್ತೈದು ಒಗಟನ್ನೂ ಒಂದು ಕಡೆ ಇಟ್ಟು ಈ ಒಂದು ಪ್ರಶ್ನೆಯನ್ನ ಇನ್ನೊಂದು ಕಡೆ ಇಡಿ. ಅರಸ ಇದಕ್ಕೆ ಕೊಟ್ಟ ಉತ್ತರದಿಂದ ಯಾರ ತಲೆಯೂ ಹೋಳಾಗಲಿಲ್ಲ ಅನ್ನೋದೇ ಬೇಜಾರು.

ಮುಂದೆ ಅದೇ ಅರಸ ಕಾಶಿಯಲ್ಲಿ ವೀರಬಾಹುವಿನ ಆಳಾಗಿ ಸುಡುಗಾಡು ಕಾಯ್ತಾನೆ. 1965ರಲ್ಲಿ ಹುಣಸೂರು ಕೃಷ್ಣಮೂರ್ತಿ ಇದನ್ನ ಸಿನಿಮಾ ಮಾಡಿದ್ರು, ರಾಜ್‌ಕುಮಾರ್ ಹರಿಶ್ಚಂದ್ರ, ಎಂ.ಪಿ. ಶಂಕರ್ ವೀರಬಾಹು. ಕುಲದ ಮೇಲುಕೀಳನ್ನ ಕೆಣಕಿ ಘಂಟಸಾಲ ಹಾಡಿದ ಆ ಹಾಡಿಗೆ ನಮ್ಮ ಕೇರಿಯ ಮದುವೆಗಳಲ್ಲಿ ಕುಣಿಯದವರಿಲ್ಲ. ನಮ್ಮ ನಿಜವಾದ ಚಂದಮಾಮ ಅದೇ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಅದನ್ನ ತೆಗೆದದ್ದು ಯಾರು? ವಿಜಯಾ ಪ್ರೊಡಕ್ಷನ್ಸ್. ಅಂದ್ರೆ ಅದೇ ನಾಗಿರೆಡ್ಡಿ, ಚಕ್ರಪಾಣಿಯವರ ಸಂಸ್ಥೆ! ಒಂದೇ ಮನೆಯ ಪತ್ರಿಕೆಯ ಸ್ಮಶಾನದಲ್ಲಿ ಇಲ್ಲದ ಮನುಷ್ಯ, ಅದೇ ಮನೆಯ ಸಿನಿಮಾದ ಸ್ಮಶಾನದಲ್ಲಿ ಎದೆ ಸೆಟೆಸಿ ಕುಣಿದ. ಟಿಕೆಟ್ ತಗೊಂಡು ಮುಂದಿನ ಸಾಲಲ್ಲಿ ಕೂರೋರು ಯಾರು, ಪ್ರತಿ ತಿಂಗಳು ಪತ್ರಿಕೆ ಕೊಳ್ಳೋರು ಯಾರು ಅನ್ನೋದು ಆ ಜಾಣ ವ್ಯಾಪಾರಿಗಳಿಗೆ ಗೊತ್ತಿತ್ತು ಅಂತ ಕಾಣುತ್ತೆ.

2022ರಲ್ಲಿ ಬೆಂಗಳೂರಿನ ಸ್ಮಶಾನ ಕಾರ್ಮಿಕರಿಗೆ ಸರ್ಕಾರ ‘ಸತ್ಯ ಹರಿಶ್ಚಂದ್ರ ಬಳಗ’ ಅಂತ ಹೆಸರಿಟ್ಟಿತು. ಕೆಲಸ ಕಾಯಂ ಮಾಡೋ ಮಾತು ಬಂದಿದ್ದು ಒಳ್ಳೇದು. ಹೆಸರು ನೋಡಿ ಆದ್ರೆ. ತಲೆತಲಾಂತರ ಅಲ್ಲೇ ದುಡಿದ ವೀರಬಾಹುವಿನದಲ್ಲ, ಸ್ವಲ್ಪ ದಿನ ಇದ್ದು ಸಿಂಹಾಸನಕ್ಕೆ ವಾಪಸ್ ಹೋದವನದು. ಇನ್ನು ಹಳ್ಳಿಗಳಲ್ಲಿ ನಮ್ಮವರ ಹೆಣ ಹೂಳೋಕೇ ಜಾಗ ಇಲ್ಲ. ಸ್ಮಶಾನ ಇಲ್ಲದ ಊರುಗಳಿಗೆ ಆರು ತಿಂಗಳಲ್ಲಿ ಜಾಗ ಕೊಡಿ ಅಂತ ಹೈಕೋರ್ಟ್ 2019ರಲ್ಲೇ ಹೇಳಿತ್ತು. ಆಮೇಲೂ ತಹಶೀಲ್ದಾರ್ ಕಚೇರಿ ಮುಂದೆ ಹೆಣ ಇಟ್ಟು ಕೂತ ಸುದ್ದಿ ನಾವೆಲ್ಲ ಓದಿದ್ದೀವಿ, ನಮ್ಮಲ್ಲಿ ಕೆಲವರು ಜೊತೆಗೆ ಕೂತಿದ್ದೀವಿ. ಹೆಣ ಹೆಗಲ ಮೇಲಿದೆ, ಇಳಿಸೋಕೆ ನೆಲ ಇಲ್ಲ. ಸೋಮದೇವನಿಗೂ ಹೊಳೆಯದ ಒಗಟು.

ಬೇತಾಳ, ಮಾಟ, ವೇಷ, ಸುಡುಗಾಡು ಇದೆಲ್ಲ ನಮ್ಮ ಜಿಲ್ಲೆಯಲ್ಲಿ ಮದರಾಸಿನಿಂದ ಪಾರ್ಸೆಲ್ ಬರಬೇಕಾಗಿರಲಿಲ್ಲ ಅನ್ನೋದನ್ನ ಹೇಳದಿದ್ರೆ ಈ ಬರಹ ಅರ್ಧ ಆಗುತ್ತೆ. ಸುಡುಗಾಡು ಸಿದ್ಧರನ್ನ ನೋಡಿದ್ದೀರಲ್ಲ. ಸುಡುಗಾಡನ್ನೇ ನಂಬಿ ಬದುಕಿದ, ನಿಲುವಂಗಿ ತೊಟ್ಟು ಊರೂರು ತಿರುಗಿ ಕೈಚಳಕದ ಜಾದೂ ತೋರಿಸಿದ ಅಲೆಮಾರಿಗಳು. ಶಂಕರ್ ಚಿತ್ರದಲ್ಲಿ ಕಾಣದ ಮನುಷ್ಯ ಬಳ್ಳಾರಿಯ ಬೀದಿಯಲ್ಲಿ ಜೋಳಿಗೆ ಹಾಕ್ಕೊಂಡು ನಡೀತಿದ್ದ. ಬುಡ್ಗ ಜಂಗಮರು ಹಗಲುವೇಷ ಕಟ್ಟಿ ಮನೆಮನೆ ಮುಂದೆ ರಾಮನೂ ಆದರು, ರಾವಣನೂ ಆದರು. ಪಾತ್ರ ಹಾಕೋ ಆಟ 1974ರಲ್ಲಿ ಹುಟ್ಟಿತು ಅಂತ ಅಕ್ಕನ ಮಗ ಅಂದಾಗ ನನಗೆ ನಗು ಬಂದದ್ದು ಅದಕ್ಕೇ.

ಬಳ್ಳಾರಿಯಿಂದ ಹೊಸಪೇಟೆ ಕಡೆ ರೈಲಲ್ಲಿ ಹೊರಟರೆ ದರೋಜಿ ಸಿಗುತ್ತೆ. ಈಗ ಆ ಹೆಸರು ಕೇಳಿದ್ರೆ ಜನಕ್ಕೆ ನೆನಪಾಗೋದು ಕರಡಿಧಾಮ. ಅದೇ ಊರಿನ ಬುಡ್ಗ ಜಂಗಮರ ಈರಮ್ಮ, ಬುರ್ರಕಥಾ ಈರಮ್ಮ ಅಂತಲೇ ಹೆಸರಾದವರು, ಅಕ್ಷರ ಕಲಿತವರಲ್ಲ. ಹನ್ನೆರಡು ಜನಪದ ಮಹಾಕಾವ್ಯ ಬಾಯಲ್ಲಿ ಇಟ್ಟುಕೊಂಡಿದ್ರು. ಕುಮಾರರಾಮನದು, ಬಬ್ಬುಲಿ ನಾಗಿರೆಡ್ಡಿಯದು, ಹೀಗೆ. ಒಂದೊಂದನ್ನ ಹಾಡಿ ಮುಗಿಸೋಕೆ ರಾತ್ರಿ ಮೇಲೆ ರಾತ್ರಿ ಬೇಕು. ‘ಮುಂದಿನ ಸಂಚಿಕೆಗೆ’ ಅಂತ ಅವರೂ ನಿಲ್ಲಿಸ್ತಿದ್ರು, ಮರುದಿನ ಕತ್ತಲಾದ ಮೇಲೆ ಅಲ್ಲಿಂದಲೇ ಎತ್ತಿಕೊಳ್ತಿದ್ರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರ ಕಾವ್ಯಗಳನ್ನ ಅಚ್ಚು ಹಾಕಿಸಿತು, 2003ರಲ್ಲಿ ನಾಡೋಜ ಕೊಟ್ಟಿತು. 2014ರಲ್ಲಿ ತೀರಿಕೊಂಡ್ರು. ‘ಚಂದಮಾಮ’ ಸುಮಾರು ಅರವತ್ತು ವರ್ಷ ನಡೆಯಿತಲ್ಲ, ಅಷ್ಟೂ ಕಾಲ ಈ ಹೆಂಗಸು ಇಲ್ಲೇ, ಇದೇ ಜಿಲ್ಲೆಯಲ್ಲಿ ಹಾಡ್ತಾ ಇದ್ರು.

2025ರಲ್ಲಿ ಒಳಮೀಸಲಾತಿಯ ಲೆಕ್ಕ ಬಂದಾಗ ನಾಗಮೋಹನ್ ದಾಸ್ ಆಯೋಗ 59 ಸಣ್ಣ ಅಲೆಮಾರಿ ಜಾತಿಗಳಿಗೆ ಪ್ರತ್ಯೇಕ ಶೇ 1 ಶಿಫಾರಸು ಮಾಡಿತ್ತು. ಆಗಸ್ಟ್‌ನಲ್ಲಿ ಸಚಿವ ಸಂಪುಟ 6, 6, 5 ಅಂತ ಹಂಚಿ, ಅವರನ್ನ ತಮಗಿಂತ ಎಷ್ಟೋ ಬಲವಾದ ಜಾತಿಗಳ ಜೊತೆ ಆ 5ರೊಳಗೆ ಹಾಕಿತು. ವೇಷ ಕಟ್ಟಿಕೊಂಡೇ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂದು ಕೂತಿದ್ರು. ಹೋಗಿ ಬೆನ್ನಿಗೆ ನಿಂತವರು ನಮ್ಮಲ್ಲಿ ಎಷ್ಟು ಜನ ಅನ್ನೋದನ್ನ, ಸಂಘಟನೆಗಳ ಹೆಸರು ಎತ್ತದೆ, ಇಲ್ಲಿಗೆ ಬಿಡ್ತೀನಿ.

ನನ್ನ ಹತ್ರ ಇರೋ ಸಂಚಿಕೆಗಳನ್ನ ಒಂದೊಂದಾಗಿ ಫೋಟೋ ತೆಗೆದು ಇಡ್ತಿದ್ದೀನಿ, ಓದಬೇಕು ಅನ್ನೋರು ಕೇಳಿ. 1949ರಿಂದ 53ರವರೆಗಿನ ಕನ್ನಡ ಸಂಚಿಕೆ ಯಾರ ಮನೆಯ ಅಟ್ಟದಲ್ಲಾದ್ರೂ ಇದ್ರೆ ತಿಳಿಸಿ. ಕಂಪ್ಲಿ, ಸಂಡೂರು, ಕುರುಗೋಡು ಕಡೆಯ ಹಗಲುವೇಷದ ಹಿರಿಯರು, ಸುಡುಗಾಡು ಸಿದ್ಧರ ಮನೆಗಳ ಅಜ್ಜ ಅಜ್ಜಿಯರು ಹೇಳೋ ಬೇತಾಳನ ಕಥೆಗಳನ್ನ ರೆಕಾರ್ಡ್ ಮಾಡೋಕೆ ಮೂರು ಜನ ಹೊರಟಿದ್ದೀವಿ. ಒಂದು ಒಳ್ಳೇ ಮೈಕು, ಭಾನುವಾರ ಪುರುಸೊತ್ತಿರೋ ಇಬ್ಬರು, ಜೊತೆಗೆ ತೆಲುಗು ಬರೆಯೋಕೆ ಬರುವವರೊಬ್ಬರು ಬೇಕು. ಇನ್‌ಬಾಕ್ಸಿಗೆ ಬನ್ನಿ.